ಆನ್ಸೆಲ್ಮ್ ಕುಡಿಯದ ಗುಟುಕು

ಮೊದಲು ಬಾಯಿ ಮುಚ್ಚಿ ಕೇಳಿ. ‘ಮುದುಕನಿಗೆ ಅರಳುಮರುಳು, ಅದು ಕತ್ತೆಯಲ್ಲ ಕುದುರೆ, ಅವತ್ತು ಮಳೆ ಇತ್ತು’ ಎಂದು ಬೆನ್ನಹಿಂದೆ ಗೊಣಗುವವರಿಗೇ ಹೇಳುತ್ತಿದ್ದೇನೆ. ನಿನ್ನೆ ಉಂಡದ್ದು ನನಗೆ ಮರೆತಿರಬಹುದು. ಆದರೆ ಕಾಸ್ತೆಲ್‌ವೇರ್ ಸಂತೆಯಲ್ಲಿ, ಕಲ್ಲುಕಮಾನಿನ ಕೆಳಗೆ ಕೋಳಿ ಮಾರುತ್ತ ತಲೆ ನರೆಸಿಕೊಂಡವನು ನಾನು. ಅದು ಕತ್ತೆಯೇ. ಹೆಣ್ಣುಕತ್ತೆ, ಹೆಸರು ಗ್ರಿಯೋತ್. ಮಳೆಯೂ ಇರಲಿಲ್ಲ; ನನ್ನ ಕೋಳಿಗಳು ಬಿಸಿಲಿಗೆ ಬಾಯಿ ಬಿಡುತ್ತಿದ್ದವು. ಉಳಿದದ್ದನ್ನು ಆನ್ಸೆಲ್ಮ್ ತನ್ನ ಬಾಯಿಂದಲೇ ನನಗೆ ಹೇಳಿದ್ದಾನೆ.

ಆನ್ಸೆಲ್ಮ್ ಗುಡ್ಡದ ಮೇಲಿನ ಒಂಟಿ ರೈತ. ಮೊಣಕಾಲು ಸೋತು, ಮೇವು ಹೊರಲಾರದೆ, ಗ್ರಿಯೋತ್‌ಳನ್ನು ಮಾರಲು ತಂದಿದ್ದ. ಕೊಳ್ಳಲು ಬಂದವನು ಬಾರ್ಬಝಾನ್, ಪೀಪಾಯಿ ಹೊಟ್ಟೆಯ ದನದ ವ್ಯಾಪಾರಿ. “ಗಾಡಿ ಎಳೆಯೋಕೇ ತಾನೆ?” ಎಂದು ಆನ್ಸೆಲ್ಮ್ ಕೇಳಿದ. ಪಕ್ಕದ ಕರುವಿನ ಬಾಯಿ ಬಿಡಿಸಿ ಹಲ್ಲು ನೋಡುತ್ತಿದ್ದ ಬಾರ್ಬಝಾನ್ “ಹೂಂ, ಹೂಂ” ಎಂದ. ಬೆಲೆ ಕುದುರಿತು. ಅಂಗೈಗೆ ಅಂಗೈ ಬಡಿದರು. ಬಾರ್ಬಝಾನ್ ಜೇಬಿನಿಂದ ಕತ್ತರಿ ತೆಗೆದು ಕತ್ತೆಯ ಎಡತೊಡೆಯ ಕೂದಲಲ್ಲಿ ಕಚಕಚ ಗುರುತು ಹಾಕಿದ.

ಆನ್ಸೆಲ್ಮ್ ಆ ಗುರುತನ್ನೇ ನೋಡಿದ. ಬಲತೊಡೆಯ ಗುರುತಾದರೆ ಸಾಕುವುದಕ್ಕೆ. ಎಡತೊಡೆಯದು ಕಸಾಯಿಖಾನೆಗೆ.

“ಬಾರಯ್ಯ, ಒಂದು ಗ್ಲಾಸು ಕುಡಿದು ಮುಗಿಸಿಬಿಡೋಣ,” ಎಂದ ಬಾರ್ಬಝಾನ್.

ನಮ್ಮೂರ ಕಟ್ಟಳೆ ಹಾಗೆ. ಕೈ ಬಡಿದರೆ ಅರ್ಧ ವ್ಯಾಪಾರ. ಮಾರಿದವನೂ ಕೊಂಡವನೂ ಒಟ್ಟಿಗೆ ಕುಡಿದರೆ ಪೂರ್ತಿ. ಮಧ್ಯಾಹ್ನದ ಗಂಟೆಯೊಳಗೆ ಕುಡಿಯದಿದ್ದರೆ ವ್ಯಾಪಾರ ಮುರಿದು ಪ್ರಾಣಿ ಮಾರಿದವನಿಗೇ. ಆದರೆ ‘ಕುಡಿಯಲ್ಲ’ ಎಂದು ಮುಖಕ್ಕೆ ಹೇಳಿದವನ ಕೈಯನ್ನು ಆಮೇಲೆ ಈ ಸಂತೆಯಲ್ಲಿ ಯಾರೂ ಮುಟ್ಟುವುದಿಲ್ಲ.

“ಒಂದ್ನಿಮಿಷ, ಉಚ್ಚೆ ಹೊಯ್ದು ಬಂದೆ,” ಎಂದು ಆನ್ಸೆಲ್ಮ್ ಹೋದ. ಹೋದವನು ಹೋದನೇ.

ಪೀಪಾಯಿ ಕಟ್ಟುವವರ ಬೀದಿ ಹಿಡಿದ. ಅಲ್ಲಿಂದ ಚರ್ಮ ಹದಮಾಡುವವರ ಮೆಟ್ಟಿಲಿಳಿದ. ಹುಟ್ಟಿದಾಗಿನಿಂದ ಸಂತೆಗೆ ಬಂದವನು, ಮಾರಿದ್ದು ಮಾರಿ ಮನೆ ಸೇರಿದವನೇ ಹೊರತು ಈ ಓಣಿಗಳಲ್ಲಿ ಸುಮ್ಮನೆ ಸುತ್ತಿದವನಲ್ಲ. ಹಳೇ ಮರದ ಮನೆಗಳು ಚಾಡಿ ಹೇಳುವ ಮುದುಕಿಯರಂತೆ ಹಣೆಗೆ ಹಣೆ ತಾಗಿಸಿ ಬಾಗಿದ್ದವು. ಎಲ್ಲಿ ಹೋದರೂ ಗ್ರಿಯೋತ್‌ಳದೇ ನೆನಪು. ಹಿಂದೆ ಸಂತೆಗೆ ಬರುವಾಗ ಈ ಏರಿನಲ್ಲಿ ಅವಳು ನಾಲ್ಕೂ ಕಾಲೂರಿ ಹಟ ಹಿಡಿದಿದ್ದಳು. ಈ ಕಿಟಕಿಗೆ ಮೂತಿ ತೂರಿಸಿ ಯಾರದೋ ಹೂವಿನ ಕುಂಡವನ್ನೇ ಮೇಯ್ದಿದ್ದಳು.

ಓಣಿಯ ತಿರುವಿನಲ್ಲಿ ಗಿಣ್ಣು ಮಾರುವ ಫಿಲೊಮೆನ್ ಕೂತಿದ್ದಳು.

“ಏನಣ್ಣ, ಬೆಕ್ಕು ಮರಿ ಹೊತ್ತ ಹಾಗೆ ಸುತ್ತಾ ಇದೀಯಲ್ಲ! ಮೂರನೇ ಸಲ ನೋಡ್ತಿದೀನಿ.”

“ಎಡತೊಡೆಗೆ ಹಾಕ್ಬಿಟ್ಟ ಕಣೇ, ಆ ಬಾರ್ಬಝಾನ್.”

ಫಿಲೊಮೆನ್ ನಗು ನಿಲ್ಲಿಸಿದಳು. ಎರಡು ಮನೆಗಳ ನಡುವಿನ ಸಂದಿಯತ್ತ ಚಾಕು ತೋರಿಸಿದಳು. “ನುಗ್ಗು ಅಲ್ಲಿ. ಆ ಹೊಟ್ಟೆ ಅದರಲ್ಲಿ ಹಿಡ್ಸಲ್ಲ.”

ಅವನು ಅಡ್ಡಡ್ಡಲಾಗಿ ನುಗ್ಗುವುದಕ್ಕೂ ಬಾರ್ಬಝಾನ್ ಏದುಸಿರು ಬಿಡುತ್ತ ಬರುವುದಕ್ಕೂ ಸರಿಹೋಯಿತು.

“ಅಕ್ಕಾ, ಆನ್ಸೆಲ್ಮ್ ಕಂಡ್ನಾ?”

“ಕಂಡ. ಮೇಲೆ ಕೋಟೆ ಬಾಗಿಲ ಕಡೆ ಹೋದ. ಓಡು, ಸ್ವಲ್ಪ ಕರಗಲಿ.”

ಸಂದಿಯೊಳಗೆ ಆನ್ಸೆಲ್ಮ್ ಬಾಯಿಗೆ ಟೋಪಿ ಒತ್ತಿಕೊಂಡು ನಕ್ಕ.

ಆ ಸಂದಿಯ ಇನ್ನೊಂದು ತುದಿ ಹಳೇ ಕಾರಂಜಿಕಟ್ಟೆಯ ಮುಂದೆ ತೆರೆಯುತ್ತದೆ. ಊರೆಲ್ಲ ಸಂತೆಯಲ್ಲಿ; ಅಲ್ಲಿ ನರಪಿಳ್ಳೆಯೂ ಇರಲಿಲ್ಲ. ಗಂಟೆಗೆ ಇನ್ನು ತುಸುವೇ ಹೊತ್ತು ಎಂದು ಅವನು ಗೋಡೆಗೊರಗಿ ನಿಂತಿದ್ದಾಗ, ಕೋಟೆಯ ಕಡೆಯಿಂದ ಬಾರ್ಬಝಾನ್ ಇಳಿದು ಬಂದ. ಮುಖ ಬೀಟ್‌ರೂಟ್. ಎದೆ ಹಿಡಿದುಕೊಂಡು ಕಟ್ಟೆಯ ಮೆಟ್ಟಿಲಿಗೆ ಕುಸಿದ. ಉಸಿರು ಕೀಚು ಕೀಚೆನ್ನುತ್ತಿತ್ತು.

ಆನ್ಸೆಲ್ಮ್ ಕದಲದೆ ನಿಂತಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಗ್ರಿಯೋತ್ ಉಳಿಯುತ್ತಿದ್ದಳು.

“ಥೂ ನಿನ್ನ!” ಎಂದು ಬೈಯುತ್ತಲೇ ಹೊರಬಂದ. ಬಾರ್ಬಝಾನ್‌ನ ಕೊರಳಗುಂಡಿ ಬಿಚ್ಚಿ, ಬೆನ್ನು ನೀವಿ, ಸರಪಳಿಗೆ ಕಟ್ಟಿದ್ದ ತಗಡಿನ ಲೋಟದಲ್ಲಿ ನೀರು ಹಿಡಿದು ಕುಡಿಸಿದ. ಮೆಲ್ಲಗೆ ಉಸಿರು ಹದಕ್ಕೆ ಬಂತು. ಬಾರ್ಬಝಾನ್ ತಾನೇ ಲೋಟ ತುಂಬಿಸಿ ಮುಂದೆ ಹಿಡಿದ.

“ನೀನೂ ಕುಡಿ. ಬೆವತು ಹೋಗಿದೀಯ.”

ನೀರಾದರೇನು, ನಮ್ಮಲ್ಲಿ ಗುಟುಕು ಅಂದರೆ ಗುಟುಕೇ. ಕುಡಿದರೆ ಕತ್ತೆ ಹೋಯಿತು. ಒಲ್ಲೆನೆಂದರೆ ಮಾನ ಹೋಯಿತು. ಆನ್ಸೆಲ್ಮ್‌ನ ನಾಲಿಗೆ ಬಾಯಾರಿ ಅಂಗುಳಿಗಂಟಿತ್ತು. ಅವನ ಕೈ ಮೇಲೇಳಲಿಲ್ಲ.

“ಗಾಡಿಗೆ ಅಂದಿದ್ದೆ ಮಾರಾಯ ನಾನು.”

“ಯಾವಾಗ ಅಂದೆ?”

“ನೀನು ಆ ಕರು ಬಾಯಲ್ಲಿ ತಲೆ ಇಟ್ಟಿದ್ದಾಗ.”

“ಅದಕ್ಕೇ ನನ್ನ ಊರೆಲ್ಲ ಓಡಿಸಿದ್ಯಾ? ಬಾಯಿಬಿಟ್ಟು ಹೇಳ್ಬಾರ್ದಾ, ಮುಠ್ಠಾಳ!”

“ಹೇಳಿದ್ರೆ ನಾಳೆ ನನ್ನ ಕೈ ಯಾರು ಮುಟ್ತಾರೆ?”

ಬಾರ್ಬಝಾನ್ ಅವನ ಮುಖವನ್ನೇ ನೋಡಿದ. ಆಮೇಲೆ ಲೋಟ ವಾಲಿಸಿ ನೀರನ್ನೆಲ್ಲ ಕಲ್ಲಿನ ಮೇಲೆ ಚೆಲ್ಲಿದ.

“ಲೋಟ ತೂತು,” ಎಂದ. “ಗಂಟೆ ಹೊಡೆಯೋವರೆಗೂ ಕೂತಿರು ಸುಮ್ನೆ. ನನಗೂ ಏಳೋಕಾಗಲ್ಲ.”

ಇಬ್ಬರೂ ಕೂತರು. ಗಂಟೆ ಹೊಡೆದು ಮುಗಿದ ಮೇಲೆ ಆನ್ಸೆಲ್ಮ್ ಎದ್ದು ಗ್ರಿಯೋತ್‌ಳನ್ನು ಮನೆಗೆ ಹೊಡೆದುಕೊಂಡು ಹೋಗಲು ಸಂತೆಯತ್ತ ನಡೆದ.

ಇದನ್ನು ಮುಂದಕ್ಕೆ ಕಳಿಸಿ. ಬಾರ್ಬಝಾನ್‌ನ ಮೊಮ್ಮಕ್ಕಳು ಇನ್ನೂ ಸಂತೆಗೆ ಬರುತ್ತಾರೆ; ನಿಮ್ಮಜ್ಜ ಕಟುಕ ಎಂದು ಜನ ಅವರನ್ನು ಚುಚ್ಚುವುದನ್ನು ಕೇಳಿದ್ದೇನೆ. ಮೊದಲು ಅವರಿಗೇ ಕೇಳಿಸಿ.