ಎರಡು ಎದೆಬಡಿತ, ಒಂದೇ ನಂಬರು

ಹೆರಿಗೆ ಕೋಣೆಗೆ ಒಬ್ಬರನ್ನೇ ಬಿಡುತ್ತೇವೆ, ಅದೂ ಹೆಂಗಸರನ್ನು ಮಾತ್ರ ಎಂದು ಬಾಗಿಲಲ್ಲಿ ಹೇಳಿದ ತಕ್ಷಣ ಮಗ ಹಿಂದೆ ಸರಿದ, ಚೆಕಿಂಗಮ್ಮ ಮುಂದೆ ನುಗ್ಗಿದಳು. ಸೊಸೆಗೆ ತಾಯಿಯಿಲ್ಲ. ಇದ್ದಿದ್ದರೆ ಚೆಕಿಂಗಮ್ಮ ಆ ಜಾಗ ಬಿಟ್ಟುಕೊಡುತ್ತಿದ್ದಳೋ ಇಲ್ಲವೋ ಹೇಳುವುದು ಕಷ್ಟ.

ಆ ಹೆಸರು ಅವಳಿಗೆ ಅಂಟಿಸಿದ್ದು ಬಸ್ಸಿನ ಕಂಡಕ್ಟರುಗಳು. ಇಪ್ಪತ್ತೊಂಬತ್ತು ವರ್ಷ ನಡುದಾರಿಯಲ್ಲಿ ಬಸ್ಸು ನಿಲ್ಲಿಸಿ, ಹತ್ತಿ, ಟಿಕೆಟ್ ತೋರಿಸಿ ಎಂದವಳು ಅವಳು. ಕೆಲಸದಿಂದ ನಿವೃತ್ತಿಯಾಗಿ ಎರಡು ವರ್ಷವಾಗಿತ್ತು, ಅನುಮಾನಕ್ಕೆ ಮಾತ್ರ ಇನ್ನೂ ನಿವೃತ್ತಿ ಸಿಕ್ಕಿರಲಿಲ್ಲ. ಹಾಲಿನ ಪ್ಯಾಕೆಟ್ಟಿನ ತಾರೀಖು, ತರಕಾರಿಯವನ ತಕ್ಕಡಿ, ಆಫೀಸಿನಲ್ಲಿ ತಡವಾಯಿತೆಂದು ಮಗ ಹೇಳುವ ಕಾರಣ, ಎಲ್ಲವೂ ಅವಳ ಕಣ್ಣ ಮುಂದೆ ಒಮ್ಮೆ ಹಾದು ಹೋಗಲೇಬೇಕು. ಮನೆಗೆ ಬಂದ ಮೊದಲ ತಿಂಗಳಲ್ಲೇ ಸೊಸೆಗೆ ಇದು ಅರ್ಥವಾಗಿತ್ತು. ಅವಳು ಚಿತ್ರಕಲೆಯ ಟೀಚರು, ತಾಳ್ಮೆಯ ಹೆಣ್ಣು. ಮಾರುಕಟ್ಟೆಯಿಂದ ಬಂದರೆ ಅತ್ತೆ ಕೇಳುವ ಮೊದಲೇ ಚೀಟಿ ತೆಗೆದು ಮೇಜಿನ ಮೇಲೆ ಇಟ್ಟುಬಿಡುತ್ತಿದ್ದಳು.

ಕೋಣೆಯಲ್ಲಿ ಎರಡು ಮಂಚ, ನಡುವೆ ಹಸಿರು ಪರದೆ. ಆಚೆ ಮಂಚದಲ್ಲಿ ಇನ್ನೊಬ್ಬಳು ನರಳುತ್ತಿದ್ದಳು. ಎರಡಕ್ಕೂ ಸೇರಿ ಒಬ್ಬಳೇ ನರ್ಸು. ಕೂದಲು ಅರ್ಧ ನೆರೆತ, ನಡಿಗೆಯಲ್ಲೇ ಅವಸರವಿದ್ದ ಹೆಂಗಸು. ಅವಳು ಸೊಸೆಯ ಹೊಟ್ಟೆಗೆ ಅಗಲವಾದ ಎರಡು ಬೆಲ್ಟು ಬಿಗಿದು, ಒಂದರ ಕೆಳಗೆ ಬಿಲ್ಲೆಯಂಥದ್ದೊಂದನ್ನು ಸಿಕ್ಕಿಸಿದಳು. ಪಕ್ಕದ ಮಿಷನ್ನಿನಲ್ಲಿ ಕುದುರೆ ಓಡಿದಂತೆ ಸದ್ದು ಶುರುವಾಯಿತು. ಉದ್ದನೆಯ ಕಾಗದ ಹೊರಬಂದು ಅದರ ಮೇಲೆ ಗೆರೆ ಬೀಳತೊಡಗಿತು. ಇದು ಮಗುವಿನ ಎದೆಬಡಿತ, ನೂರ ಹತ್ತರಿಂದ ನೂರ ಅರವತ್ತರ ಒಳಗಿದ್ದರೆ ಚಿಂತೆಯಿಲ್ಲ, ಆಚೀಚೆ ಆದರೆ ಮಿಷನ್ನೇ ಕೂಗಿಕೊಳ್ಳುತ್ತದೆ ಎಂದು ನರ್ಸು ವಿವರಿಸಿದಳು. ನಂಬರು ನೂರ ನಲವತ್ತೆರಡು ಇತ್ತು. ಸೊಸೆಯ ಬೆರಳಿಗೂ ಒಂದು ಕ್ಲಿಪ್ಪು ಹಾಕಿದಳು. ಅದು ತಾಯಿಯ ನಾಡಿ ತೋರಿಸುವುದು, ಅದರ ಪುಟ್ಟ ಪರದೆ ತಲೆದಿಂಬಿನ ಹತ್ತಿರ ಬೇರೆಯೇ ಇತ್ತು.

ಚೆಕಿಂಗಮ್ಮ ಒಂಬತ್ತು ಗಂಟೆಗೆ ಕೆಲಸ ಶುರು ಮಾಡಿದಳು. ಸೂಜಿಯ ಪ್ಯಾಕೆಟ್ಟಿನ ತಾರೀಖು ಓದಿದಳು. ಆಚೆ ಮಂಚದಿಂದ ಬಂದ ನರ್ಸು ಕೈಗವಸು ಬದಲಿಸಿದ್ದಾಳೆಯೇ ಎಂದು ಕಣ್ಣಲ್ಲಿ ಕಣ್ಣಿಟ್ಟು ನೋಡಿದಳು. ಗೋಡೆಯ ಗಡಿಯಾರ ತನ್ನ ಕೈಗಡಿಯಾರಕ್ಕಿಂತ ಎರಡು ನಿಮಿಷ ಹಿಂದಿದೆ, ಮಗು ಹುಟ್ಟಿದ ಗಳಿಗೆ ತಪ್ಪಾಗಿ ಬರೆದರೆ ಯಾರು ಹೊಣೆ ಎಂದು ಕೇಳಿದಳು. ಡಾಕ್ಟರಮ್ಮ ಬಂದು ಹೋದಾಗ, ಇವರು ಏನಾದರೊಂದು ನೆಪ ತೆಗೆದು ಹೊಟ್ಟೆ ಕೊಯ್ಯಲು ಹೊಂಚು ಹಾಕುತ್ತಿದ್ದಾರೆಂದು ಸೊಸೆಯ ಕಿವಿಯಲ್ಲಿ ಪಿಸುಗುಟ್ಟಿದಳು. ನೋವಿನಲ್ಲಿದ್ದ ಸೊಸೆ ಹ್ಞೂಂ ಎಂದಳು. ನರ್ಸು ಮೊದಮೊದಲು ಉತ್ತರ ಕೊಟ್ಟಳು. ಆಮೇಲೆ ತಲೆಯಾಡಿಸಿದಳು, ಕೊನೆಗೆ ಅದನ್ನೂ ಬಿಟ್ಟಳು.

ಹನ್ನೊಂದರ ಹೊತ್ತಿಗೆ ಬೆಲ್ಟು ಒತ್ತುತ್ತಿದೆ ಎಂದು ಸೊಸೆ ಮುಖ ಕಿವುಚಿದಳು. ಚೆಕಿಂಗಮ್ಮ ಬಟ್ಟೆ ಸರಿಸಿ ನೋಡಿದರೆ ಚರ್ಮದ ಮೇಲೆ ಕೆಂಪು ಗೆರೆ ಎದ್ದಿತ್ತು. ಇಷ್ಟು ಬಿಗಿದರೆ ಒಳಗಿನ ಕೂಸಿನ ಗತಿಯೇನು ಎಂದು ನರ್ಸನ್ನು ಕರೆದು ಕೇಳಿದಳು. ಅಷ್ಟು ಬಿಗಿ ಇರಲೇಬೇಕು, ಕೂಸಿಗೆ ಏನೂ ಆಗುವುದಿಲ್ಲ, ದಯವಿಟ್ಟು ಮುಟ್ಟಬೇಡಿ ಎಂದು ಹೇಳಿ ಅವಳು ಪರದೆಯ ಆಚೆ ಹೋದಳು. ಆಚೆಯವಳಿಗೆ ಹೆರಿಗೆಯ ಹೊತ್ತು ಬಂದಿತ್ತು.

ಮುಟ್ಟಬೇಡಿ ಎಂದದ್ದೇ ಸಾಕಾಯಿತು. ಚೆಕಿಂಗಮ್ಮನ ಬಸ್ಸಿನ ಅನುಭವದಲ್ಲಿ ಈ ಚೀಲ ಮುಟ್ಟಬೇಡಿ ಎಂದವರ ಚೀಲದಲ್ಲೇ ಏನಾದರೂ ಸಿಗುತ್ತಿತ್ತು. ಅವಸರದಲ್ಲಿ ಬಿಗಿದಿದ್ದಾಳೆ, ಈಗ ಒಪ್ಪಿಕೊಳ್ಳುವುದಕ್ಕೆ ಮರ್ಯಾದೆ ಅಡ್ಡ ಬರುತ್ತಿದೆ ಎಂದು ಅವಳು ತೀರ್ಪು ಕೊಟ್ಟುಬಿಟ್ಟಳು. ಬೆಲ್ಟಿನಲ್ಲಿ ಸಾಲಾಗಿ ತೂತುಗಳಿದ್ದವು, ಬಿಲ್ಲೆಯ ಗುಂಡಿ ಒಂದರಲ್ಲಿ ಸಿಕ್ಕಿಕೊಂಡಿತ್ತು. ಗುಂಡಿ ಬಿಡಿಸಿ ಎರಡು ತೂತು ಸಡಿಲ ಮಾಡಿ ಮತ್ತೆ ಸಿಕ್ಕಿಸಿದಳು. ಬಿಲ್ಲೆ ಸ್ವಲ್ಪ ಕೆಳಗೆ ಜಾರಿತು. ಮಿಷನ್ನು ಖರ್ರೆಂದು ಒಂದು ಕ್ಷಣ ಸುಮ್ಮನಾಯಿತು. ಅಷ್ಟರಲ್ಲಿ ಟಪ್ ಟಪ್ ಎಂದು ಸದ್ದು ಮತ್ತೆ ಶುರುವಾಯಿತು. ನೂರ ಹದಿನೆಂಟು. ನರ್ಸು ಹೇಳಿದ ಲೆಕ್ಕದ ಒಳಗೇ ಇದೆ. ಹಾಯಾಯಿತು ಅತ್ತೆ ಎಂದು ಸೊಸೆ ಕಣ್ಣು ಮುಚ್ಚಿದಳು. ಚೆಕಿಂಗಮ್ಮನಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಕೈಗಡಿಯಾರದಲ್ಲಿ ಹನ್ನೊಂದು ಐದು.

ಕಾಲು ಗಂಟೆ ಕಳೆಯಿತು. ಕಣ್ಣಿಗೆ ಬೇರೆ ಕೆಲಸವಿರಲಿಲ್ಲ, ಅವಳು ಮಿಷನ್ನು ನೋಡುತ್ತ ಕೂತಿದ್ದಳು. ನೂರ ಇಪ್ಪತ್ತೆರಡು. ತಲೆದಿಂಬಿನ ಹತ್ತಿರದ ಪುಟ್ಟ ಪರದೆಯಲ್ಲೂ ನೂರ ಇಪ್ಪತ್ತೆರಡು. ಆಗಲಿ, ಒಮ್ಮೊಮ್ಮೆ ಹಾಗಾಗುತ್ತದೆ. ನೋವು ಬಂತು, ಸೊಸೆ ಮಂಚದ ಕಂಬಿ ಹಿಡಿದಳು. ಮಿಷನ್ನು ನೂರ ಮೂವತ್ತೊಂದು ಎಂದಿತು. ಬೆರಳಿನದೂ ನೂರ ಮೂವತ್ತೊಂದು. ನೋವು ಇಳಿಯಿತು, ಎರಡೂ ಕೈಕೈ ಹಿಡಿದುಕೊಂಡು ನೂರ ಹದಿನೇಳಕ್ಕೆ ಇಳಿದವು.

ಇಬ್ಬರು ಪ್ರಯಾಣಿಕರ ಕೈಯಲ್ಲಿ ಒಂದೇ ನಂಬರಿನ ಟಿಕೆಟ್ ಇದ್ದರೆ ಅದರಲ್ಲಿ ಒಂದು ಸುಳ್ಳು. ಇದನ್ನು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅವಳು ಮೆಲ್ಲಗೆ ಸೊಸೆಯ ಮಣಿಕಟ್ಟು ಹಿಡಿದು ನಾಡಿಯ ಮೇಲೆ ಬೆರಳಿಟ್ಟಳು. ಟಪ್ ಎಂದು ಮಿಷನ್ನು ಅಂದಾಗಲೆಲ್ಲ ಬೆರಳ ತುದಿಯಲ್ಲಿ ಒಂದು ತಟ್ಟು. ಒಂದೂ ತಪ್ಪಲಿಲ್ಲ. ಬಿಲ್ಲೆ ಕೇಳಿಸಿಕೊಳ್ಳುತ್ತಿದ್ದದ್ದು ತಾಯಿಯ ರಕ್ತ ಓಡುವ ಸದ್ದನ್ನು. ನಂಬರು ಗಡಿಯೊಳಗಿದೆಯೆಂದು ಅದು ಕೂಗಿಕೊಳ್ಳದೆ ಸುಮ್ಮನಿತ್ತು. ಹಾಗಾದರೆ ಮಗು? ಹನ್ನೊಂದು ಐದರಿಂದ ಮಗುವಿನ ಸುದ್ದಿ ಈ ಕೋಣೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಗಡಿಯಾರ ನೋಡಿದಳು, ಹನ್ನೊಂದು ಇಪ್ಪತ್ತು.

ಎದ್ದು ಹಸಿರು ಪರದೆಯ ಹತ್ತಿರ ಹೋಗಿ ನರ್ಸನ್ನು ಕರೆದಳು. ಮಿಷನ್ನು ಯಾಕೋ ಸರಿಯಿಲ್ಲ ಅನ್ನಿಸುತ್ತದೆ, ಒಮ್ಮೆ ಬಂದು ನೋಡಿ ಎಂದಳು. ಆಚೆಯಿಂದ ನರ್ಸು ನಂಬರು ಎಷ್ಟು ಎಂದು ಕೇಳಿದಳು. ನೂರ ಹದಿನೇಳು. ಹಾಗಿದ್ದರೆ ಚೆನ್ನಾಗಿದೆಯಮ್ಮ, ಬೆಳಗಿನಿಂದ ಇದು ನಿಮ್ಮ ಏಳನೇ ದೂರು, ಇಲ್ಲಿ ತಲೆ ಕಾಣಿಸುತ್ತಿದೆ, ಸ್ವಲ್ಪ ಸುಮ್ಮನೆ ಕೂತುಕೊಳ್ಳಿ ಎಂದಳು. ಚೆಕಿಂಗಮ್ಮ ಬಂದು ಕೂತಳು.

ಒಂದು ಮಾತು ಹೇಳಿದ್ದರೆ ಸಾಕಿತ್ತು. ಬೆಲ್ಟು ಮುಟ್ಟಿದವಳು ನಾನು ಎಂದಿದ್ದರೆ ನರ್ಸು ಓಡಿ ಬರುತ್ತಿದ್ದಳು. ಆ ಮಾತನ್ನು ಅವಳು ಆಡಲಿಲ್ಲ. ಮುಟ್ಟಬೇಡಿ ಎಂದವಳ ಮುಂದೆ ಮುಟ್ಟಿದೆ ಎನ್ನಬೇಕು. ಮಗನ ಕಿವಿಗೆ ಬೀಳುತ್ತದೆ. ಸೊಸೆ ಎದುರಿಗೇ ಇದ್ದಾಳೆ. ತಾನೇ ಬಿಗಿ ಮಾಡಿಬಿಡೋಣವೆಂದು ಗುಂಡಿ ಬಿಡಿಸಿ ಹಳೆಯ ತೂತಿಗೆ ಸಿಕ್ಕಿಸಿದಳು. ನಂಬರು ಬದಲಾಗಲಿಲ್ಲ. ಬಿಲ್ಲೆಯನ್ನು ಆಚೆ ತಳ್ಳಿದಳು, ಈಚೆ ತಳ್ಳಿದಳು. ಎಲ್ಲಿಟ್ಟರೂ ಖರ್ರೆಂದು ಮತ್ತೆ ಅದೇ ನಂಬರು ಬಂತು. ಏನು ಮಾಡ್ತಿದೀರಿ ಅತ್ತೆ ಎಂದು ಸೊಸೆ ಕೇಳಿದಳು. ಏನಿಲ್ಲ, ಬೆವರು ಒರೆಸ್ತಿದೀನಿ ಎಂದು ಹೇಳಿ ಸೆರಗಿನಿಂದ ಅವಳ ಹೊಟ್ಟೆ ಒರೆಸಿದಳು. ಟಿಕೆಟ್ ಕೊಳ್ಳದವರು ಹೀಗೇ, ಇಲ್ಲವೆಂದು ಗೊತ್ತಿದ್ದೂ ಎಲ್ಲ ಜೇಬುಗಳನ್ನೂ ಒಂದೊಂದಾಗಿ ತಡಕಾಡುತ್ತಾರೆ. ಎಷ್ಟು ಮುಖ ನೋಡಿದ್ದಳೋ ಅವಳು. ಅವರ ಮುಖ ನೋಡಿ ಎಷ್ಟು ಸಲ ಒಳಗೊಳಗೇ ನಕ್ಕಿದ್ದಳೋ.

ಇನ್ನೊಂದು ನೋವು ಬಂತು. ಈ ಸಲ ಸೊಸೆ ಅತ್ತೆಯ ಕೈ ಹಿಡಿದುಕೊಂಡಳು. ನೋವು ಇಳಿದ ಮೇಲೂ ಬಿಡಲಿಲ್ಲ. "ಮಗು ಚೆನ್ನಾಗಿದೆ ತಾನೆ ಅತ್ತೆ? ನೀವು ನೋಡ್ತಾ ಇದೀರ ಅಂತ ನಂಗೆ ಧೈರ್ಯ."

ಚೆಕಿಂಗಮ್ಮ ಕೈ ಬಿಡಿಸಿಕೊಂಡು ಎದ್ದಳು. ಹಸಿರು ಪರದೆಯನ್ನು ಎಳೆದು ಬದಿಗೆ ಸರಿಸಿದಳು. ಆಚೆ ಮಂಚದವಳ ಎದೆಯ ಮೇಲೆ ಆಗಷ್ಟೇ ಹುಟ್ಟಿದ ಮಗುವಿತ್ತು, ನರ್ಸಿನ ಕೈ ರಕ್ತವಾಗಿತ್ತು.

"ಬೆಲ್ಟು ಸಡಿಲ ಮಾಡಿದ್ದು ನಾನು," ಎಂದಳು. "ಆಗಿನಿಂದ ಮಿಷನ್ನು ಎಣಿಸ್ತಿರೋದು ನಮ್ಮ ಹುಡುಗಿ ನಾಡಿ, ಮಗೂದಲ್ಲ. ಎರಡೂ ನಂಬರು ಒಂದೇ ಇದೆ. ಬನ್ನಿ."

ನರ್ಸು ಅವಳ ಮುಖವನ್ನು ಒಂದು ಕ್ಷಣ ನೋಡಿದಳು. ಆಮೇಲೆ ಕೈಗವಸು ಕಿತ್ತೆಸೆದು ಓಡಿ ಬಂದಳು. ಸೊಸೆಯ ಮಣಿಕಟ್ಟು ಹಿಡಿದು ಸದ್ದು ಕೇಳಿದಳು. ಬಿಲ್ಲೆಗೆ ತಣ್ಣನೆಯ ಜೆಲ್ಲು ಸವರಿ ಹೊಟ್ಟೆಯ ಕೆಳಭಾಗದಲ್ಲಿ ಇಂಚಿಂಚಾಗಿ ಹುಡುಕಿದಳು. ಸಿಕ್ಕಿತು. ಟಪ್... ಟಪ್... ಟಪ್. ಎಂಬತ್ತಾರು. ಮಿಷನ್ನು ಈಗ ಕಿರುಚತೊಡಗಿತು. ನರ್ಸು ಗೋಡೆಯ ಗುಂಡಿ ಒತ್ತಿದಳು.

ಡಾಕ್ಟರಮ್ಮ ಬಂದರು, ಅವರ ಹಿಂದೆ ಮತ್ತೆ ಮೂವರು ಬಂದರು. ಸೊಸೆಯನ್ನು ಎಡಮಗ್ಗುಲಿಗೆ ಹೊರಳಿಸಿದರು. ತಲೆ ಕೆಳಗೇ ಬಂದಿದೆ, ಆಪರೇಷನ್‌ಗೆ ಒಯ್ಯುವಷ್ಟು ಹೊತ್ತಿಲ್ಲ, ಇಲ್ಲೇ ಮಗುವಿನ ತಲೆಗೆ ಗಾಳಿ ಹೀರಿ ಅಂಟುವ ಬಟ್ಟಲು ಹಾಕಿ ಎಳೆಯಬೇಕು ಎಂದರು. ಬೆಳಗ್ಗೆ ಚೆಕಿಂಗಮ್ಮನ ಲೆಕ್ಕದಲ್ಲಿ ಹೊಟ್ಟೆ ಕೊಯ್ಯಲು ಹೊಂಚು ಹಾಕುತ್ತಿದ್ದವರು ಇವರೇ. ಚೆಕಿಂಗಮ್ಮ ಗೋಡೆಗೆ ಆತುಕೊಂಡು ನಿಂತಳು. ಅವಳು ಒಂದೇ ಮಾತು ಮಣಮಣ ಹೇಳಿಕೊಳ್ಳುತ್ತಿದ್ದಳು, ಮಗು ಉಳಿಯಲಿ, ನನ್ನ ಮರ್ಯಾದೆ ಹಾಳಾಗಿ ಹೋಗಲಿ. ಕಾಲು ಗಂಟೆ ಮೊದಲು ಹೇಳಿಕೊಳ್ಳಬೇಕಾಗಿದ್ದ ಮಾತದು.

ಹೆಣ್ಣು ಮಗು ಹುಟ್ಟಿತು. ನೀಲಿಗಟ್ಟಿತ್ತು, ಕೈಕಾಲು ಜೋತಿದ್ದವು, ಅಳಲಿಲ್ಲ. ಮೂಲೆಯ ಮೇಜಿನ ಮೇಲೆ ಮಲಗಿಸಿ ಬೆನ್ನು ಉಜ್ಜಿದರು, ಮೂಗು ಬಾಯಿಯ ಮೇಲೆ ಮಾಸ್ಕ್ ಇಟ್ಟು ಚೀಲ ಒತ್ತಿ ಗಾಳಿ ಕೊಟ್ಟರು. ಕೋಣೆಯಲ್ಲಿ ಚೀಲದ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ. ಬಹಳ ಹೊತ್ತಾದ ಮೇಲೆ ಸಣ್ಣಗೆ ಒಂದು ಕೆಮ್ಮು ಕೇಳಿಸಿತು, ಆಮೇಲೆ ಬೆಕ್ಕಿನ ಮರಿಯಂಥ ಅಳು.

ಡಾಕ್ಟರಮ್ಮ ಮಿಷನ್ನಿನ ಕಾಗದ ಬಿಚ್ಚಿ ಹಿಡಿದರು. ಹನ್ನೊಂದು ಐದಕ್ಕೆ ಗೆರೆ ಕಡಿದಿದೆ, ಅಲ್ಲಿಂದಾಚೆ ತಾಯಿಯದು, ಮಧ್ಯೆ ಒಮ್ಮೆಯಾದರೂ ಕೈ ಹಿಡಿದು ತಾಳೆ ನೋಡಬಾರದಿತ್ತೇ ಎಂದು ನರ್ಸನ್ನು ಕೇಳಿದರು. ನರ್ಸು ತಲೆ ತಗ್ಗಿಸಿದಳು. ಮುಟ್ಟಬೇಡಿ ಎಂದು ಆಕೆ ಸ್ಪಷ್ಟವಾಗಿ ಹೇಳಿದ್ದಳು, ಕೇಳದವಳು ನಾನು ಎಂದು ಚೆಕಿಂಗಮ್ಮ ನಡುವೆ ಬಾಯಿ ಹಾಕಿದಳು. ಡಾಕ್ಟರಮ್ಮ ಅವಳನ್ನು ಬೈಯಲಿಲ್ಲ. ಕೊನೆಗಾದರೂ ಹೇಳಿದಿರಲ್ಲ, ಇನ್ನು ಹತ್ತು ನಿಮಿಷ ಹೋಗಿದ್ದರೆ ಕಷ್ಟವಿತ್ತು ಎಂದರು. ಬೈದಿದ್ದರೆ ಅವಳಿಗೆ ಎಷ್ಟೋ ಮೇಲಾಗುತ್ತಿತ್ತು.

ಮಧ್ಯಾಹ್ನ ಕಳೆದು ಮಗುವನ್ನು ತಾಯಿಯ ಪಕ್ಕ ತಂದು ಮಲಗಿಸಿದರು. ಈಗ ಬಣ್ಣ ಬಂದಿತ್ತು, ಹಾಲು ಹುಡುಕಿ ಬಾಯಿ ಆಡಿಸುತ್ತಿತ್ತು. ಮಗ ಸಿಕ್ಕಸಿಕ್ಕವರಿಗೆಲ್ಲ ಫೋನು ಮಾಡಿ, ನಮ್ಮಮ್ಮನ ಅನುಮಾನವೇ ಮಗುವನ್ನು ಉಳಿಸಿತು ಎಂದು ಹೇಳಿಕೊಂಡು ಕಾರಿಡಾರಿನಲ್ಲಿ ಅಡ್ಡಾಡುತ್ತಿದ್ದ. ಅದು ಒಳಗೆ ಕೇಳಿಸುತ್ತಿತ್ತು. ಬೆಲ್ಟಿನ ವಿಷಯ ಮನಸ್ಸಿಗೆ ಹಚ್ಚಿಕೊಳ್ಳಬೇಡಿ, ನೋಯುತ್ತದೆ ಎಂದವಳು ನಾನೇ ಅಲ್ಲವೇ ಎಂದು ಸೊಸೆ ಸಮಾಧಾನ ಹೇಳಿದಳು. ಹೇಳಿ, ಮಗುವಿನ ಬಟ್ಟೆ ಸರಿಪಡಿಸಿ, ಎತ್ಕೊಳ್ಳಿ ಅತ್ತೆ ಎಂದು ನಕ್ಕಳು.

ಚೆಕಿಂಗಮ್ಮ ಕೈ ಚಾಚಿದಳು. ಎತ್ತಿಕೊಳ್ಳಲಾಗಲಿಲ್ಲ. ಇದನ್ನು ಬಾಯಿಬಿಡದಿದ್ದರೆ ಯಾರಿಗೂ ಎಂದಿಗೂ ಗೊತ್ತಾಗುವುದಿಲ್ಲ ಎಂಬುದೂ ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಅವಳು ಸುಮ್ಮನಿದ್ದ ಹೊತ್ತು ಕಾಗದದ ಯಾವ ಗೆರೆಯಲ್ಲೂ ಇರಲಿಲ್ಲ.

"ಎರಡು ನಂಬರೂ ಒಂದೇ ಅಂತ ನಂಗೆ ಹನ್ನೊಂದು ಇಪ್ಪತ್ತಕ್ಕೇ ಗೊತ್ತಾಗಿತ್ತು," ಎಂದಳು. "ಬೆಲ್ಟು ಮುಟ್ಟಿದ್ದು ನಾನು ಅಂತ ಹೇಳಿದ್ದು ಹನ್ನೊಂದು ಮೂವತ್ತೈದಕ್ಕೆ. ಕಾಲು ಗಂಟೆ ಮುಚ್ಚಿಟ್ಟೆ. ನಿನ್ನ ಮುಂದೆ ಚಿಕ್ಕವಳಾಗ್ತೀನಿ ಅಂತ."

ಸೊಸೆಯ ನಗು ನಿಂತಿತು. ಅವಳು ಅತ್ತೆಯನ್ನು ನೋಡಿದಳು, ಮಗುವನ್ನು ನೋಡಿದಳು. ಬಟ್ಟಲು ಎಳೆದ ಕಡೆ ಮಗುವಿನ ನೆತ್ತಿ ಇನ್ನೂ ಉಬ್ಬಿಕೊಂಡಿತ್ತು. ಅದರ ಮೇಲೆ ಮೆಲ್ಲಗೆ ಅಂಗೈ ಇಟ್ಟು ಮಗುವನ್ನು ತನ್ನ ಮಗ್ಗುಲಿಗೆ ಎಳೆದುಕೊಂಡಳು.

"ಇವತ್ತು ಬೇಡ ಅತ್ತೆ," ಎಂದಳು. "ನಾಳೆ ಎತ್ಕೊಳ್ಳಿ."

ಚೆಕಿಂಗಮ್ಮ ಚಾಚಿದ ಕೈ ಹಿಂದೆ ತೆಗೆದುಕೊಂಡಳು. ಸೊಸೆ ನಾಳೆ ಎಂದಿದ್ದಳು, ಅಷ್ಟನ್ನಾದರೂ ಎಂದಿದ್ದಳು. ಅವಳು ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತು, ಮಗುವಿಗೆ ಎಚ್ಚರವಾಗದ ಹಾಗೆ, ಬಾಯಿಗೆ ಸೆರಗು ಹಿಡಿದು ಅತ್ತಳು.