ಮುಂದಿನದು ಹಾಕು

ಅಣ್ಣನ ಗಂಟಲು ಅಂತಿಂಥ ಗಂಟಲಲ್ಲ. ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಪಕ್ಕದ ಸೀಟಿನಲ್ಲಿ ಕೂತು ಇಪ್ಪತ್ತೆರಡು ವರ್ಷ "ಬ್ರೇಕ್! ಬ್ರೇಕ್ ಅಂದ್ನಲ್ಲ!" ಎಂದು ಕೂಗಿ ಪಳಗಿದ ಗಂಟಲು. ಮನೆಯಲ್ಲಿ ಅವನು ಕುಡಿಯಲು ನೀರು ಕೇಳಿದರೆ ಪಕ್ಕದ ಮನೆಯವರೂ ಲೋಟ ಹುಡುಕಬೇಕು, ಹಾಗೆ ಕೇಳುತ್ತಿದ್ದ. ಆ ಗಂಟಲಲ್ಲೇ ಗಡ್ಡೆ ಬೆಳೆಯಿತು. ಧ್ವನಿಪೆಟ್ಟಿಗೆ ತೆಗೆಯದೆ ಬೇರೆ ದಾರಿಯಿಲ್ಲ ಎಂದರು ಡಾಕ್ಟರು.

ದೂರದ ಊರಿನಲ್ಲೊಂದು ಧ್ವನಿ ಚಿಕಿತ್ಸಾ ಕೇಂದ್ರವಿತ್ತು. ಆಪರೇಷನ್ನಿಗೆ ಮುಂಚೆ ಸಾವಿರದ ಆರುನೂರು ವಾಕ್ಯ ಓದಿ ರೆಕಾರ್ಡ್ ಮಾಡಿಸಿದರೆ, ಆಮೇಲೆ ಟೈಪ್ ಮಾಡಿದ್ದನ್ನೆಲ್ಲ ಅವನದೇ ದನಿಯಲ್ಲಿ ಆಡುವಂತೆ ಫೋನಿಗೆ ಕಲಿಸಬಹುದು ಎಂದರು. ಅತ್ತಿಗೆಗೆ ರಜೆ ಸಿಗಲಿಲ್ಲ, ತಂಗಿಯೇ ಅವನ ಜೊತೆ ಹೋದಳು. ಆರು ದಿನ, ಬೆಳಗಿನಿಂದ ಸಂಜೆಯವರೆಗೆ, ಗೋಡೆಗೆಲ್ಲ ಸ್ಪಂಜು ಹೊದಿಸಿದ ಒಂದು ಸಣ್ಣ ಕೋಣೆ. ಅಣ್ಣ ಬರೆದುಕೊಟ್ಟದ್ದನ್ನಷ್ಟೇ ಓದಿ ಸುಮ್ಮನಾಗುವ ಪೈಕಿಯಲ್ಲ. "ಇಂದು ಬಿಸಿಲು ಹೆಚ್ಚಾಗಿದೆ" ಎಂದು ಗಂಭೀರವಾಗಿ ಓದಿ, "ಹೆಚ್ಚಾದ್ರೆ ಟೋಪಿ ಹಾಕ್ಕೊಳಪ್ಪ, ನನಗ್ಯಾಕೆ ಹೇಳ್ತೀಯ" ಎಂದು ಸೇರಿಸುತ್ತಿದ್ದ. ಅದೂ ರೆಕಾರ್ಡ್ ಆಗುತ್ತಿತ್ತು. ಕೊನೆಯ ದಿನ ತಂಗಿಯನ್ನು ಹೊರಗೆ ಕಳಿಸಿ, ಹೆಂಡತಿಗೆಂದು ಮುಕ್ಕಾಲು ಗಂಟೆ ಒಬ್ಬನೇ ಮಾತಾಡಿದ. ಹೊರಗೆ ಬಂದಾಗ ಕಣ್ಣು ಕೆಂಪಾಗಿತ್ತು.

"ಏನ್ ಹೇಳ್ದೆ?" ಎಂದು ಕೇಳಿದಳು.

"ನಿನಗ್ಯಾಕೆ? ಅವಳೇ ಕೇಳ್ಲಿ" ಎಂದ.

ಎಲ್ಲವನ್ನೂ ಪೆನ್‌ಡ್ರೈವಿಗೆ ಹಾಕಿಕೊಡಲೇ ಎಂದು ಅಲ್ಲಿನ ಕಂಪ್ಯೂಟರ್ ನೋಡಿಕೊಳ್ಳುವಾತ ಕೇಳಿದ್ದ. ಬೇಡ ಅಂದವಳು ತಂಗಿಯೇ. "ಪೆನ್‌ಡ್ರೈವ್ ಕಳೆದುಹೋಗುತ್ತೆ. ನನಗೆ ಪಾಸ್‌ವರ್ಡ್ ಕೊಡಿ ಸಾಕು, ಬೇಕಾದಾಗ ನಾನೇ ಅಲ್ಲಿಂದ ಎಳ್ಕೊಳ್ತೀನಿ." ಹೇಳಿಕೇಳಿ ಅವಳು ಗ್ರಂಥಾಲಯವೊಂದರ ಕಂಪ್ಯೂಟರುಗಳನ್ನು ಕಾಯುವವಳು. ಗ್ರಂಥಾಲಯದ ಫೈಲುಗಳನ್ನೆಲ್ಲ ದಿನಾ ಸಂಜೆ ದೂರದ ಇನ್ನೊಂದು ಯಂತ್ರಕ್ಕೆ ಕಳಿಸುವುದು ಅವಳ ಕೆಲಸ. ಮೌಸು ಮುಟ್ಟುವವಳಲ್ಲ. ಕಪ್ಪು ಪರದೆಯ ಮೇಲೆ ಒಂದು ಸಾಲು ಟೈಪ್ ಮಾಡಿ ಎಂಟರ್ ಒತ್ತಿದರೆ ಮುಗಿಯಿತು. ಆ ಸಾಲಿನಲ್ಲಿ ಎರಡು ವಿಳಾಸ: ಮೊದಲನೆಯದು ಎಲ್ಲಿಂದ, ಎರಡನೆಯದು ಎಲ್ಲಿಗೆ. ಜೊತೆಗೆ 'ಡಿಲೀಟ್' ಎಂಬ ಒಂದು ಪದ. ಎರಡನೆಯ ಕಡೆ ಇದ್ದು ಮೊದಲನೆಯ ಕಡೆ ಇಲ್ಲದ ಫೈಲುಗಳನ್ನು ಅದು ಅಳಿಸಿಹಾಕುತ್ತದೆ, ಎರಡೂ ಕಡೆ ತದ್ವತ್ ಒಂದೇ ಆಗಲಿ ಎಂದು. ಹನ್ನೊಂದು ವರ್ಷ ಇದೇ ಸಾಲು. ಮೊದಲು ತನ್ನ ಯಂತ್ರ, ಆಮೇಲೆ ದೂರದ ಯಂತ್ರ. ಕಣ್ಣು ಮುಚ್ಚಿದರೂ ಬೆರಳು ಬರೆಯುತ್ತಿದ್ದವು.

ಆಪರೇಷನ್ ಚೆನ್ನಾಗಿಯೇ ಆಯಿತು. ಅಣ್ಣ ಬದುಕಿದ, ಮಾತು ಹೋಯಿತು. ಕತ್ತಿಗೊಂದು ಸ್ಲೇಟು ತೂಗಿಹಾಕಿಕೊಂಡು ಓಡಾಡತೊಡಗಿದ. ಆರನೇ ವಾರ ಕೇಂದ್ರದಿಂದ ಫೋನು ಬಂತು. ಕೇಂದ್ರ ಮುಚ್ಚುತ್ತಿದೆ, ಶನಿವಾರ ಯಂತ್ರಗಳನ್ನೆಲ್ಲ ಒಯ್ಯುತ್ತಾರೆ, ರೆಕಾರ್ಡಿಂಗ್ ನೀವೇ ಇಳಿಸಿಕೊಂಡರೆ ದನಿ ತಯಾರಿಸುವವರು ಬೇರೆ ಕಡೆ ಇದ್ದಾರೆ, ವಿಳಾಸ ಕೊಡುತ್ತೇವೆ. ರೆಕಾರ್ಡಿಂಗ್ ಮುಗಿದಾಗಿನಿಂದ ಎರಡು ತಿಂಗಳು ನಾಳೆ, ನಾಡಿದ್ದು ಎಂದು ದೂಡುತ್ತ ಬಂದಿದ್ದವಳು ಈಗ ಎದ್ದು ಕೂತಳು. "ಶುಕ್ರವಾರ ಸಂಜೆ ತಂದ್ಬಿಡ್ತೀನಿ ಅತ್ತಿಗೆ" ಎಂದು ಮಾತು ಕೊಟ್ಟಳು.

ಶುಕ್ರವಾರ ಮಧ್ಯಾಹ್ನ ಮೂರು ಗಂಟೆ. ಊಟದ ಡಬ್ಬಿಯನ್ನು ಪಕ್ಕಕ್ಕೆ ಸರಿಸಿ ಕೂತಳು. ದಾರಿ ಸರಿಯಿದೆಯೇ ನೋಡೋಣವೆಂದು ಮೊಟ್ಟಮೊದಲ ಫೈಲು ಒಂದನ್ನೇ ತರಿಸಿಕೊಂಡಳು. ಬಂತು. ಇನ್ನು ಉಳಿದದ್ದನ್ನೆಲ್ಲ ಒಟ್ಟಿಗೆ ತರಿಸಬೇಕು. ಅವಳ ಮೇಜಿನ ಮೇಲಿನ ಗೋಡೆಯಲ್ಲಿ ಅವಳೇ ಬರೆದು ಅಂಟಿಸಿದ ಚೀಟಿಯಿತ್ತು: 'ಮೊದಲು ಸುಳ್ಳು ಓಟ, ಆಮೇಲೆ ನಿಜ ಓಟ.' ಏನನ್ನೂ ಮುಟ್ಟದೆ, ಏನಾಗಬಹುದೆಂದು ಮಾತ್ರ ಯಂತ್ರದಿಂದ ಹೇಳಿಸಿ ನೋಡುವುದು ಸುಳ್ಳು ಓಟ. ಕೆಲಸಕ್ಕೆ ಹೊಸದಾಗಿ ಸೇರಿದವರು ಅದನ್ನು ಬಿಟ್ಟರೆ ಅವಳು ಮುಖ ಮೂತಿ ನೋಡದೆ ಬೈಯುತ್ತಿದ್ದಳು. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ. ಅವಸರದಲ್ಲಿದ್ದಳು, ಖುಷಿಯಲ್ಲಿದ್ದಳು, ಎಂಟರ್ ಒತ್ತಿಬಿಟ್ಟಳು.

ಪರದೆಯ ಮೇಲೆ ಸಾಲುಗಳು ಓಡಿದವು. ಪ್ರತಿ ಸಾಲಿನ ಮುಂದೆಯೂ ಒಂದೇ ಪದ: ಅಳಿಸಲಾಗುತ್ತಿದೆ. ಅಳಿಸಲಾಗುತ್ತಿದೆ. ಬೆರಳು ಅಭ್ಯಾಸದಂತೆ ತನ್ನ ಯಂತ್ರವನ್ನು ಮೊದಲು ಬರೆದಿದ್ದವು, ಕೇಂದ್ರದ್ದನ್ನು ಆಮೇಲೆ. ಇವಳ ಬಳಿ ಇದ್ದದ್ದು ಒಂದೇ ಫೈಲು. ಅಲ್ಲಿಯೂ ಒಂದೇ ಇರಲಿ ಎಂದು ಯಂತ್ರ ಶ್ರದ್ಧೆಯಿಂದ ಉಳಿದದ್ದನ್ನೆಲ್ಲ ತೆಗೆದುಹಾಕುತ್ತಿತ್ತು. ಅರ್ಥವಾಗಿ ನಿಲ್ಲಿಸುವಷ್ಟರಲ್ಲಿ ಎರಡು ಸೆಕೆಂಡು ಕಳೆದಿತ್ತು, ಎಲ್ಲವೂ ಹೋಗಿತ್ತು. ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಅಣ್ಣನ ಕಾಲ ಕೆಳಗೂ ಒಂದು ಬ್ರೇಕ್ ಇರುತ್ತಿತ್ತು. ಇಲ್ಲಿ ಪಕ್ಕದಲ್ಲಿ ಯಾರೂ ಇರಲಿಲ್ಲ.

ಕೇಂದ್ರಕ್ಕೆ ಫೋನು ಮಾಡಿದಳು.

"ಇನ್ನೊಂದು ಕಾಪಿ ಎಲ್ಲಾದ್ರೂ ಇರುತ್ತಲ್ವಾ?"

"ಇಲ್ಲ ಮೇಡಂ. ಹೋದ ತಿಂಗಳೇ ಅದೆಲ್ಲ ನಿಲ್ಲಿಸಿ, ಇದ್ದ ಕಾಪಿನೂ ತೆಗೆದುಹಾಕಿದ್ವಿ. ಬೇರೆಯವರೆಲ್ಲ ಪೆನ್‌ಡ್ರೈವ್‌ನಲ್ಲಿ ತಗೊಂಡ್ ಹೋದ್ರು. ನಿಮ್ಮದೊಂದೇ ಬಾಕಿ ಇತ್ತು."

"ಅಳಿಸಿದ್ದನ್ನ ವಾಪಸ್ ತೆಗೆಯೋಕೆ..."

ಆತ ಒಂದು ಗಂಟೆ ಹೆಣಗಾಡಿ ಮತ್ತೆ ಫೋನು ಮಾಡಿದ. ಅಳಿಸಿದ ಜಾಗವನ್ನು ಆಗಿಂದಾಗಲೇ ಒರೆಸಿಬಿಡುವ ಡಿಸ್ಕು ಅದು. "ಏನೂ ಉಳಿದಿಲ್ಲ ಮೇಡಂ" ಎಂದ. ಪಾಪ, ತನ್ನದೇ ತಪ್ಪೇನೋ ಎಂಬಂತೆ ಕ್ಷಮೆ ಕೇಳಿದ. ಅದನ್ನು ಕೇಳಿ ಇವಳಿಗೆ ಅಳು ಒತ್ತರಿಸಿಕೊಂಡು ಬಂತು. ಗ್ರಂಥಾಲಯದ ಬಚ್ಚಲಿಗೆ ಹೋಗಿ, ನಲ್ಲಿ ತಿರುಗಿಸಿ, ಬಿಕ್ಕಿ ಬಿಕ್ಕಿ ಅತ್ತಳು.

ಸಂಜೆ ಅಣ್ಣನ ಮನೆಯ ಬಾಗಿಲು ಮೊದಲೇ ತೆರೆದಿತ್ತು. ಅತ್ತಿಗೆ ಸೀರೆ ಬದಲಿಸಿ, ತಲೆ ಬಾಚಿ ಕೂತಿದ್ದಳು, ಯಾರೋ ನೆಂಟರು ಬರುವವರಿದ್ದಾರೆ ಎನ್ನುವ ಹಾಗೆ. ಅಣ್ಣ ಮೇಜಿನ ಮೇಲಿನದನ್ನೆಲ್ಲ ತೆಗೆದು ಸ್ಪೀಕರು ಇಟ್ಟಿದ್ದ. ದಾರಿಯುದ್ದಕ್ಕೂ ಉರುಹೊಡೆದುಕೊಂಡು ಬಂದ ಮಾತು ತಂಗಿಯ ನಾಲಿಗೆಗೆ ಬರಲಿಲ್ಲ. ಅವಳು ಸುಮ್ಮನೆ ಲ್ಯಾಪ್‌ಟಾಪು ತೆರೆದು, ಇದ್ದ ಒಂದು ಫೈಲನ್ನು ಹಾಕಿದಳು.

"ಪುಟ್ಟೀ, ಇದು ಶುರುವಾಯ್ತಾ? ಕೆಂಪು ದೀಪ ಉರೀತಾನೇ ಇಲ್ವಲ್ಲೇ. ಶುರುವಾಗಿದ್ರೆ ಹೇಳು ಮಾರಾಯ್ತಿ, ಸುಮ್ನೆ ಗಂಟಲು ಹರ್ಕೊಳ್ಳೋದ್ಯಾಕೆ!"

ಹಿಂದೆಯೇ, ನಗುತ್ತ, ತಂಗಿಯ ದನಿ: "ಶುರುವಾಗಿದೆ ಅಣ್ಣ. ಮಾತಾಡು."

ಅಲ್ಲಿಗೆ ಮುಗಿಯಿತು.

ಅತ್ತಿಗೆ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಿದ್ದಳು. ಅತ್ತು ನಕ್ಕು, "ಅಯ್ಯೋ, ಅದೇ ಕಿರುಚಾಟ" ಎಂದಳು. ಅಣ್ಣ ತೊಡೆ ತಟ್ಟಿಕೊಂಡು ಸದ್ದಿಲ್ಲದೆ ನಕ್ಕ. ಹೆಂಡತಿಯನ್ನೊಮ್ಮೆ ನೋಡಿ, ಸ್ಲೇಟು ಎಳೆದುಕೊಂಡು ಬರೆದ: 'ಕೊನೇದು ಹಾಕು. ಇವಳಿಗೆ.'

ತಂಗಿ ಹಾಕಲಿಲ್ಲ. ಅವನು ಅದನ್ನು ಒರೆಸಿ, ಕೊನೆಯದಕ್ಕೆ ಇನ್ನೂ ಹೊತ್ತಿದೆ ಎಂದುಕೊಂಡನೋ ಏನೋ, ಮತ್ತೆ ಬರೆದ: 'ಆಯ್ತು, ಮುಂದಿನದು ಹಾಕು.'

"ಮುಂದಿನದು ಇಲ್ಲ ಅಣ್ಣ" ಎಂದಳು. "ಯಾವುದೂ ಇಲ್ಲ. ನಾನೇ ಅಳಿಸ್ಬಿಟ್ಟೆ."

ಅವನಿಗೆ ಅರ್ಥವಾಗಲು ಹೊತ್ತು ಹಿಡಿಯಿತು. ಆಮೇಲೆ ಅವನ ಮುಖ ಕೆಂಪಾಯಿತು, ಕತ್ತಿನ ನರ ಉಬ್ಬಿತು, ಬಾಯಿ ದೊಡ್ಡದಾಗಿ ತೆರೆಯಿತು. ತಂಗಿ ಕಣ್ಣು ಮುಚ್ಚಿ ತಲೆ ತಗ್ಗಿಸಿ ನಿಂತಳು. ಇಡೀ ಬೀದಿಗೆ ಕೇಳುವ ಹಾಗೆ ಬೈಯಲಿ, ಬಾಯಿಗೆ ಬಂದದ್ದೆಲ್ಲ ಬೈಯಲಿ ಎಂದು ಕಾದಳು. ಗೋಡೆ ಗಡಿಯಾರದ ಸದ್ದು ಕೇಳುತ್ತಿತ್ತು. ಕಣ್ಣು ತೆರೆದಾಗ ಅವನು ಸ್ಲೇಟು ಕೆಳಗಿಟ್ಟು, ಹೆಂಡತಿಯ ಕೈ ಹಿಡಿದುಕೊಂಡು, ತುಟಿ ಆಡಿಸುತ್ತ ಅವಳಿಗೆ ಏನನ್ನೋ ಹೇಳುತ್ತಲೇ ಇದ್ದ. ಅತ್ತಿಗೆ ಅವನ ತುಟಿಯನ್ನೇ ನೋಡುತ್ತ, "ಏನಂದ್ರಿ? ಏನಂದ್ರಿ?" ಎಂದು ಕೇಳುತ್ತಿದ್ದಳು.