ಹೊಲಿದು ಮುಚ್ಚಿದ ಬೆಲ್ಟು

ಕಾರಿನ ಸೀಟುಗಳಿಗೆ ಕವರ್ ಹೊಲಿಯುವುದರಲ್ಲಿ ಆ ದರ್ಜಿಯದು ಎತ್ತಿದ ಕೈ. ಎಲ್ಲೂ ಒಂದು ಸುಕ್ಕು ಕಾಣದು. ಹಿಂದಿನ ಸೀಟಿನಲ್ಲಿ ಬೆಲ್ಟ್ ಸಿಕ್ಕಿಸುವ ಬಕಲ್ ಚುಚ್ಚುತ್ತದೆಂದು ಬಂದವರೆಲ್ಲ ಗೊಣಗುತ್ತಿದ್ದರು. ಅವನು ಅದನ್ನು ಕವರಿನ ಕೆಳಗೆ ತಳ್ಳಿ ಹೊಲಿದುಬಿಡುತ್ತಿದ್ದ. ತನ್ನ ಹಳೆಯ ಕಾರಿಗೂ ಹಾಗೆಯೇ ಮಾಡಿದ್ದ.

ಅವನ ಮಗಳು ಏಳು ತಿಂಗಳ ಬಸುರಿ. ಅಂದು ಬೆಳಗ್ಗೆ ಅವಳನ್ನು ತಪಾಸಣೆಗೆ ಕರೆದೊಯ್ಯಬೇಕಿತ್ತು. ಅದೇ ಆಸ್ಪತ್ರೆಯಲ್ಲಿ ಕೆಲಸ ಮಾಡುವ ಪಕ್ಕದ ಮನೆಯ ನರ್ಸಮ್ಮನೂ ಜೊತೆಗೆ ಹತ್ತಿದಳು. ತನ್ನ ಶಾಲನ್ನು ಮಡಚಿ ಮಗಳ ಬೆನ್ನಿಗೆ ಒತ್ತುಕೊಟ್ಟು, ಸೀಟಿನ ಸಂದಿಯಲ್ಲಿ ಕೈಯಾಡಿಸಿದಳು.

"ಅಣ್ಣಾ, ಬಕಲ್ ಎಲ್ಲಿ?"

"ಕವರ್ ಕೆಳಗಿದೆ. ಹಿಂದೆ ಕೂತೋರಿಗೆ ಬೆಲ್ಟ್ ಯಾಕೆ ನರ್ಸಮ್ಮ? ಪೊಲೀಸರೂ ಕೇಳಲ್ಲ."

"ಪೊಲೀಸರ ಮಾತು ಬಿಡಿ. ನಾನು ಇವಳಿಗೋಸ್ಕರ ಕೇಳ್ತಿದೀನಿ."

"ಬಸುರಿ ಹೊಟ್ಟೆಗೆ ಬೆಲ್ಟ್ ಬಿಗಿದ್ರೆ ಮಗು ಗತಿಯೇನು? ಎಂಟು ನಿಮಿಷದ ದಾರಿ. ಆಮೆ ಥರ ಓಡಿಸ್ತೀನಿ."

"ನೀನು ಆಮೆ ಸರಿ ಅಪ್ಪಾ," ಎಂದಳು ಮಗಳು. "ಎದುರಿಗೆ ಬರೋರೂ ಆಮೆಗಳೇನು?"

ನರ್ಸಮ್ಮ ನಗಲಿಲ್ಲ. "ಹೋದ ತಿಂಗಳು ನಮ್ಮ ಆಸ್ಪತ್ರೆಗೆ ತಾಯಿ, ಮಗ ಇಬ್ಬರನ್ನೂ ಕರ್ಕೊಂಡು ಬಂದ್ರು. ಕಾರು ಓಡಿಸ್ತಿದ್ದ ಮಗ ಬೆಲ್ಟ್ ಹಾಕಿದ್ದ. ಭುಜ ತರಚಿತ್ತು, ಅಷ್ಟೆ. ತಾಯಿ ಹಿಂದೆ ಮಲಗಿದ್ರಂತೆ. ಡಿಕ್ಕಿ ಆದಾಗ ಮುಂದಕ್ಕೆ ಎಸೆದ ಹಾಗಾಗಿ ತಲೆಗೆ ಪೆಟ್ಟು ಬಿತ್ತು, ಉಳೀಲಿಲ್ಲ. ಅವರ ಚಪ್ಪಲಿ ನಾನೇ ಮಗನ ಕೈಗೆ ಕೊಟ್ಟೆ. 'ನಿದ್ದೆ ಕೆಡೋದು ಬೇಡ ಅಂತ ಬೆಲ್ಟ್ ಹಾಕಿಸ್ಲಿಲ್ಲ ಸಿಸ್ಟರ್' ಅಂದ."

ದರ್ಜಿ ಕಾರಿನಿಂದ ಇಳಿದ. ಅಂಗಡಿಯಿಂದ ಕತ್ತರಿ ತಂದು, ಕಾರಿನ ಹಿಂದಿನ ಬಾಗಿಲಲ್ಲಿ ಮಂಡಿಯೂರಿ, ತಾನೇ ಹಾಕಿದ ಹೊಲಿಗೆಯನ್ನು ಬಿಚ್ಚತೊಡಗಿದ. ತಾನು ಹೀಗೆ ಮುಚ್ಚಿ ಕಳಿಸಿದ ಸೀಟುಗಳಲ್ಲಿ ಯಾರ್ಯಾರ ಮನೆಯ ಮಕ್ಕಳು ಕೂತಿದ್ದಾರೋ ಎಂದು ಒಬ್ಬೊಬ್ಬ ಗಿರಾಕಿಯನ್ನೂ ನೆನೆದ.

"ಕೆಳಗಿನ ಪಟ್ಟಿ ಹೊಟ್ಟೆ ಕೆಳಗೆ, ಸೊಂಟಕ್ಕೆ ಬರ್ಲಿ," ಎನ್ನುತ್ತ ನರ್ಸಮ್ಮ ಹಾಕಿ ತೋರಿಸಿದಳು. "ಮೇಲಿನ ಪಟ್ಟಿ ಎದೆ ನಡುವೆ ಬಂದು ಹೊಟ್ಟೆ ಪಕ್ಕಕ್ಕೆ ಇಳೀಲಿ. ಹೊಟ್ಟೆ ಮೇಲೆ ಮಾತ್ರ ಬೇಡ. ತಾಯಿ ಭದ್ರವಾಗಿದ್ರೆ ಮಗುನೂ ಭದ್ರ."

ಅಂದು ಮಧ್ಯಾಹ್ನವೇ ದರ್ಜಿ ಹಳೆಯ ಗಿರಾಕಿಗಳಿಗೆಲ್ಲ ಫೋನು ಮಾಡಿದ. "ಕಾರು ತನ್ನಿ, ಬಕಲ್ ಹೊರಗೆ ತೆಗೆದುಕೊಡ್ತೀನಿ."

"ಕವರ್ ಅಂದ ಕೆಡುತ್ತಲ್ಲಯ್ಯ," ಎಂದರು ಒಬ್ಬರು.

"ಕೆಡಲಿ ಸ್ವಾಮಿ. ಬಟ್ಟೆ ಹರಿದ್ರೆ ಹೊಲೀತೀನಿ. ಮನುಷ್ಯರನ್ನ ಹೊಲಿಯೋಕೆ ನನಗೆ ಬರಲ್ಲ."

ನಿಮ್ಮ ಕಾರಿನ ಹಿಂದಿನ ಸೀಟಿಗೂ ಇವತ್ತೇ ಒಮ್ಮೆ ಕೈ ಹಾಕಿ ನೋಡಿ. ಬಕಲ್ ಅಡಗಿದ್ದರೆ ಹೊರಗೆ ತೆಗೆಯಿರಿ. ಹೊರಡುವ ಮೊದಲು ನಿಮ್ಮ ಬೆಲ್ಟ್ ಹಾಕಿಕೊಳ್ಳಿ. ನಿಮ್ಮವರು ನಿದ್ದೆಯಲ್ಲಿದ್ದರೂ ಮೆಲ್ಲಗೆ ಎಬ್ಬಿಸಿ ಬೆಲ್ಟ್ ಹಾಕಿ. ಅವರು ಬೈದುಕೊಳ್ಳಲಿ, ಮನೆ ತಲುಪಿದ ಮೇಲೂ ಬೈಯುತ್ತಿರಲಿ.